‘1984’ರ ಅಗ್ಗದ ಪ್ರತಿ: ದುಡ್ಡು ಕೊಡುವ ಮೊದಲು ಕೊನೆಯ ಅಧ್ಯಾಯ ತೆರೆದು ನೋಡಿ

ಜಾರ್ಜ್ ಆರ್ವೆಲ್‌ನ ‘1984’ ದಾವಣಗೆರೆಯಲ್ಲಿ ಈಗ ಹುಡುಕಿ ಅಲೆಯಬೇಕಾದ ಪುಸ್ತಕವಲ್ಲ. ಇನ್ನೂರು ರೂಪಾಯಿಯೊಳಗೆ ಹೊಸ ಪ್ರತಿಯೇ ಸಿಗುತ್ತದೆ. ಆರ್ವೆಲ್ ತೀರಿಕೊಂಡದ್ದು 1950ರ ಜನವರಿಯಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕ ತೀರಿದ ಮೇಲೆ 60 ವರ್ಷ. ಹಾಗಾಗಿ 2010ರ ಕೊನೆಗೆ ಅದು ಮುಗಿಯಿತು, ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದಾಯಿತು. ಬೆಲೆ ಇಳಿದದ್ದು ಓದುವ ಮಕ್ಕಳಿಗೆ ದೊಡ್ಡ ಉಪಕಾರ. ಆದರೆ ಪ್ರೂಫ್ ಸರಿಯಾಗಿ ನೋಡದ ಪ್ರತಿಯೂ ಒಳ್ಳೆಯ ಪ್ರತಿಯ ಪಕ್ಕದಲ್ಲೇ, ಅಷ್ಟೇ ಚಂದದ ರಕ್ಷಾಪುಟ ಹೊತ್ತು ಕೂತಿರುತ್ತದೆ. ಅದಕ್ಕೇ ಅಂಗಡಿಯಲ್ಲಿ ನಿಂತೇ ಕೆಲವು ಪುಟ ತಿರುವಬೇಕು.

ಮೊದಲು ಮೂರನೇ ಭಾಗದ ಆರನೇ ಅಧ್ಯಾಯ, ಅಂದರೆ ಕಾದಂಬರಿಯ ಕಟ್ಟಕಡೆಯದು. ಜನರ ಯೋಚನೆಯನ್ನೂ ಹಿಡಿತದಲ್ಲಿಟ್ಟುಕೊಂಡು ಆಳುವ ‘ಪಾರ್ಟಿ’ಗೆ ಎದುರು ನಿಂತು ಸೋತ ಕಥಾನಾಯಕ ವಿನ್‌ಸ್ಟನ್ ಚೆಸ್ಟ್‌ನಟ್ ಟ್ರೀ ಕೆಫೆಯಲ್ಲಿ ಕೂತು ಮೇಜಿನ ಧೂಳಿನ ಮೇಲೆ ಬೆರಳಿನಿಂದ ಒಂದು ಲೆಕ್ಕ ಬರೆಯುತ್ತಾನೆ. ಅಲ್ಲಿ ‘2+2=5’ ಎಂದು ಪೂರ್ತಿ ಇರಬೇಕು. 1949ರ ಮೊದಲ ಮುದ್ರಣದಲ್ಲಿ ಹಾಗೇ ಇತ್ತು. ಮುಂದಿನ ಬ್ರಿಟಿಷ್ ಮುದ್ರಣಗಳಲ್ಲಿ ಆ 5 ಬಿದ್ದುಹೋಗಿ ‘2+2=’ ಎಂದಷ್ಟೇ ಉಳಿಯಿತು; 1987ರ ಪರಿಷ್ಕೃತ ಪಾಠದಲ್ಲಿ ಮರಳಿ ಸೇರಿತು. ಹಳೆಯ ಪಾಠ ನೋಡಿ ಅಚ್ಚು ಹಾಕಿದ್ದರೆ ಇಲ್ಲಿ ಖಾಲಿ ಜಾಗ ಕಾಣುತ್ತದೆ. ಒಂದೇ ಒಂದು ಅಂಕಿ ತಾನೇ ಎನ್ನಬೇಡಿ. ಎರಡು ಕೂಡಿಸು ಎರಡು ನಾಲ್ಕು ಎಂದು ಹೇಳಲು ಸಾಧ್ಯವಾಗುವುದೇ ಸ್ವಾತಂತ್ರ್ಯ ಎಂದು ಇದೇ ಮನುಷ್ಯ ಮೊದಲ ಭಾಗದ ಏಳನೇ ಅಧ್ಯಾಯದಲ್ಲಿ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಜಾಗ ಖಾಲಿಯಿದ್ದರೆ ಅವನೊಳಗೆ ಇನ್ನೂ ಒಂದಿಷ್ಟು ಛಲ ಉಳಿದಿದೆ ಎಂದು ಓದುಗ ನಂಬಿಬಿಡುತ್ತಾನೆ. 5 ಇದ್ದರೆ ಆ ನಂಬಿಕೆಗೆ ದಾರಿಯೇ ಇಲ್ಲ. ಇಡೀ ಕಾದಂಬರಿಯ ತೀರ್ಪು ತಿರುಗುವುದು ಈ ಅಂಕಿಯ ಮೇಲೆ.

ಆಮೇಲೆ ಹಿಂಬದಿಯಲ್ಲಿ, ಜನರ ಯೋಚನೆಯನ್ನೇ ಕುಗ್ಗಿಸಲು ಪಾರ್ಟಿ ಕಟ್ಟಿದ ನ್ಯೂಸ್ಪೀಕ್ ಭಾಷೆಯ ಅನುಬಂಧ ಇದೆಯೇ ನೋಡಿ. ಅಮೆರಿಕದ ಒಂದು ದೊಡ್ಡ ಪುಸ್ತಕ ಕ್ಲಬ್ಬು ಈ ಅನುಬಂಧವನ್ನೂ, ಕಥೆಯೊಳಗೆ ಪಾರ್ಟಿಯ ಶತ್ರು ಎನಿಸಿದ ಗೋಲ್ಡ್‌ಸ್ಟೀನ್‌ನ ಗ್ರಂಥದ ಭಾಗವನ್ನೂ ತೆಗೆಯಿರಿ ಎಂದು ಕೇಳಿದಾಗ ಆರ್ವೆಲ್ ಒಪ್ಪಲಿಲ್ಲ. ಅವನು ಬಿಡದಿದ್ದನ್ನು ನಾವು ಬಿಟ್ಟು ಓದಬಾರದು. ಅನುಬಂಧವಿಡೀ ಭೂತಕಾಲದಲ್ಲಿದೆ, ನ್ಯೂಸ್ಪೀಕ್ ಎಂದೋ ಮುಗಿದುಹೋದ ಸಂಗತಿ ಎಂಬಂತೆ. ಪಾರ್ಟಿಯ ಆಳ್ವಿಕೆ ಕೊನೆಗೊಂಡಿತೇ ಎಂಬ ಚರ್ಚೆಗೆ ಪುಸ್ತಕದೊಳಗೆ ಸಿಗುವ ಬಲವಾದ ಆಧಾರ ಇದೇ. ಅಧ್ಯಾಯಗಳು ಪೂರ್ತಿ ಇವೆಯೇ ಎಂದೂ ಎಣಿಸಿ: ಮೂರು ಭಾಗಗಳಲ್ಲಿ 8, 10, 6, ಒಟ್ಟು 24.

ದೋಷವಲ್ಲದ ಒಂದನ್ನು ದೋಷ ಎಂದುಕೊಳ್ಳುವವರೂ ಇದ್ದಾರೆ. ಎರಡನೇ ಭಾಗದ ಒಂಬತ್ತನೇ ಅಧ್ಯಾಯದಲ್ಲಿ ಬರುವ ಗೋಲ್ಡ್‌ಸ್ಟೀನ್ ಗ್ರಂಥದಲ್ಲಿ 1ನೇ ಅಧ್ಯಾಯ ಶುರುವಾಗಿ, ಸ್ವಲ್ಪದರಲ್ಲೇ 3ಕ್ಕೆ ಹಾರಿ, ಮತ್ತೆ 1ಕ್ಕೆ ಬರುತ್ತದೆ. 2 ಇಲ್ಲವೇ ಇಲ್ಲ. ಪುಟ ಕಳೆದಿದೆ ಎಂದು ವಾಪಸ್ ಕೊಡಲು ಹೋಗಬೇಡಿ. ವಿನ್‌ಸ್ಟನ್ ಓದುವುದೇ ಹಾಗೆ. ಮೊದಲ ಸಲ ಇಂಗ್ಲಿಷ್ ಕಾದಂಬರಿ ಹಿಡಿದವರು ಪುಸ್ತಕ ಮುಚ್ಚಿಡುವುದೂ ಇಲ್ಲಿಯೇ. ಇದನ್ನು ಎರಡು ಬೈಠಕ್ಕಿನಲ್ಲಿ ಓದಿ. ಯುದ್ಧ ನಿಲ್ಲದಿರುವುದು ಏಕೆ ಎಂಬುದಕ್ಕೆ ಒಂದು, ಮೇಲಿನ, ನಡುವಿನ, ಕೆಳಗಿನ ವರ್ಗಗಳ ಮಾತಿಗೆ ಇನ್ನೊಂದು. ಪಾರ್ಟಿ ಇದನ್ನೆಲ್ಲ ಏಕೆ ಮಾಡುತ್ತದೆ ಎಂಬ ಗುಟ್ಟಿನ ಹತ್ತಿರ ಬಂದಾಗ ಓದು ನಿಲ್ಲುತ್ತದೆ, ಕೇಳುತ್ತಿದ್ದ ಅವನ ಪ್ರೇಯಸಿ ಜೂಲಿಯಾ ಆಗಲೇ ನಿದ್ದೆಹೋಗಿದ್ದಾಳೆ. ಉತ್ತರ ಸಿಗುವುದು ಮೂರನೇ ಭಾಗದ ಮೂರನೇ ಅಧ್ಯಾಯದಲ್ಲಿ, ವಿನ್‌ಸ್ಟನ್‌ನನ್ನು ಹಿಂಸಿಸುವ ಪಾರ್ಟಿಯ ಮೇಲಧಿಕಾರಿ ಓಬ್ರಿಯನ್‌ನ ಬಾಯಲ್ಲಿ: ಅಧಿಕಾರ ಬೇಕಾಗಿರುವುದು ಅಧಿಕಾರಕ್ಕಾಗಿಯೇ.

ಇನ್ನು ಜೆರಾಕ್ಸ್ ಅಂಗಡಿಗಳಲ್ಲಿ ಕೈ ಬದಲಾಗುವ ಪಾತ್ರ ಚಿತ್ರಣದ ನೋಟ್ಸ್. ಅದಕ್ಕೆ ದುಡ್ಡು ಹಾಕಬೇಡಿ ಎಂದೇ ನಮ್ಮ ಸಲಹೆ. ವಿನ್‌ಸ್ಟನ್ ಒಳ್ಳೆಯವನು, ಪಾರ್ಟಿ ಕೆಟ್ಟದ್ದು ಎಂದು ಎರಡು ಸಾಲಿನಲ್ಲಿ ಮುಗಿಸಿದರೆ ಕಾದಂಬರಿಯ ನೀತಿಪ್ರಶ್ನೆಯೇ ಕೈಬಿಟ್ಟುಹೋಗುತ್ತದೆ. ಎರಡನೇ ಭಾಗದ ಎಂಟನೇ ಅಧ್ಯಾಯ ನಿಧಾನವಾಗಿ ಓದಿ. ಕೊಲೆ ಮಾಡುತ್ತೀರಾ, ನೂರಾರು ಅಮಾಯಕರು ಸಾಯುವಂಥ ಕೆಲಸ ಮಾಡುತ್ತೀರಾ, ಅಗತ್ಯಬಿದ್ದರೆ ಮಗುವಿನ ಮುಖಕ್ಕೆ ಆ್ಯಸಿಡ್ ಎರಚುತ್ತೀರಾ ಎಂದು, ತಾನೂ ಪಾರ್ಟಿಯ ವಿರೋಧಿ ಎಂದು ನಟಿಸುವ ಓಬ್ರಿಯನ್ ವಿನ್‌ಸ್ಟನ್, ಜೂಲಿಯಾ ಇಬ್ಬರ ಎದುರು ಒಂದೊಂದಾಗಿ ಕೇಳುತ್ತಾನೆ. ವಿನ್‌ಸ್ಟನ್ ಎಲ್ಲಕ್ಕೂ ಹೂಂ ಎನ್ನುತ್ತಾನೆ. ಇಬ್ಬರೂ ಬೇರೆಯಾಗಿ ಮತ್ತೆಂದೂ ಒಬ್ಬರನ್ನೊಬ್ಬರು ನೋಡದೆ ಇರುತ್ತೀರಾ ಎಂದಾಗ ಮಾತ್ರ ಜೂಲಿಯಾ ತಟ್ಟನೆ ‘ಇಲ್ಲ’ ಎನ್ನುತ್ತಾಳೆ. ಅವನಿಗೆ ಆ ಮಾತು ಹೊರಡಲು ಬಹಳ ಹೊತ್ತು ಬೇಕಾಗುತ್ತದೆ. ಮುಂದೆ ಹಿಂಸೆಯ ನಡುವೆ, ನಿಮಗಿಂತ ನಾನು ಮೇಲು ಎಂದು ವಿನ್‌ಸ್ಟನ್ ಒಪ್ಪಿಕೊಂಡಾಗ ಓಬ್ರಿಯನ್ ಕೇಳಿಸುವುದು ಈ ಮಾತುಗಳ ಧ್ವನಿಮುದ್ರಣವನ್ನೇ. ಈ ಎರಡು ಪುಟಗಳನ್ನು ಎದುರುಬದುರು ಇಟ್ಟುಕೊಳ್ಳದೆ ವಿನ್‌ಸ್ಟನ್ ಬಗ್ಗೆ ಒಂದು ಸಾಲೂ ಬರೆಯಬಾರದು.

ಜೂಲಿಯಾಳನ್ನು ಬರೀ ಪ್ರೇಯಸಿ ಎಂದು ಬರೆಯುವುದೂ ತಪ್ಪು. ಸಿದ್ಧಾಂತ ಅವಳಿಗೆ ಬೇಡ, ನಿಜ. ಆದರೆ ಪಾರ್ಟಿ ಮೈಯ ಆಸೆಯನ್ನು ಹತ್ತಿಕ್ಕಿ ಆ ಬಿಸಿಯನ್ನು ಮೆರವಣಿಗೆಗೂ ದ್ವೇಷಕ್ಕೂ ತಿರುಗಿಸುತ್ತದೆ ಎಂಬುದನ್ನು ವಿನ್‌ಸ್ಟನ್‌ಗಿಂತ ಮೊದಲೇ ಅರಿತವಳು ಅವಳು.

ನೋಟ್ಸ್‌ಗಳಲ್ಲಿ ಹೆಸರೇ ಬಾರದ ಒಬ್ಬನಿದ್ದಾನೆ, ಬಮ್‌ಸ್ಟೆಡ್. ಮೂರನೇ ಭಾಗದ ಮೊದಲ ಅಧ್ಯಾಯದ ಸೆರೆಕೋಣೆಯಲ್ಲಿ ಹಸಿವಿನಿಂದ ತಲೆಬುರುಡೆಯಂತಾದವನೊಬ್ಬನನ್ನು ನೋಡಿ, ತನ್ನ ಜೇಬಿನ ರೊಟ್ಟಿ ಚೂರನ್ನು ಅವನಿಗೆ ಚಾಚುತ್ತಾನೆ. ಕಾವಲುಗಾರನ ಹೊಡೆತಕ್ಕೆ ಬಮ್‌ಸ್ಟೆಡ್‌ನ ಕಟ್ಟಿಸಿದ ಹಲ್ಲು ಎರಡು ತುಂಡಾಗಿ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಆ ಹಸಿದವನನ್ನೇ, ಒಬ್ಬೊಬ್ಬರಿಗೂ ಅವರು ಅತಿ ಹೆದರುವುದನ್ನೇ ಎದುರಿಡುವ 101ನೇ ಕೋಣೆಗೆ ಕರೆದಾಗ, ಅವನು ತನ್ನ ಹೆಂಡತಿ, ಮೂವರು ಮಕ್ಕಳ ಕತ್ತು ಕೊಯ್ಯಿರಿ ಎನ್ನುತ್ತಾನೆ. ಆಮೇಲೆ ಬಮ್‌ಸ್ಟೆಡ್‌ನತ್ತ ಕೈತೋರಿಸಿ, ಒಯ್ಯಬೇಕಾದವನು ಅವನು ಎನ್ನುತ್ತಾನೆ. ವಿನ್‌ಸ್ಟನ್ ಮುಂದೆ ಇಲಿಗಳ ಎದುರು ‘ಜೂಲಿಯಾಗೆ ಮಾಡಿ’ ಎಂದು ಕಿರುಚುವುದಕ್ಕೆ ಇಲ್ಲೇ ತಯಾರಿ ನಡೆದಿದೆ. ಅನ್ನ ಕೊಟ್ಟ ಕೈಯನ್ನೇ ತೋರಿಸಿಕೊಡುವಷ್ಟು ಮನುಷ್ಯನನ್ನು ಇಳಿಸಬಹುದು ಎಂದು ಇಷ್ಟು ಕಡಿಮೆ ಮಾತಿನಲ್ಲಿ ಕಾಣಿಸಿದ ಪುಟ ಈ ಪುಸ್ತಕದಲ್ಲಿ ಇನ್ನೊಂದಿಲ್ಲ. ಅದೇ ಸೆರೆಕೋಣೆಯಲ್ಲಿ ರೊಟ್ಟಿ ಚಾಚಿದ ಕೈಯೂ ಇತ್ತು ಎಂಬುದನ್ನು ಮರೆಯದೆ ಗುರುತು ಹಾಕಿಕೊಳ್ಳಿ.

ನಮ್ಮೂರಿನವರಿಗೆ ಬೇಗ ಹತ್ತಿರವಾಗುವುದು ಮೊದಲ ಭಾಗದ ಎಂಟನೇ ಅಧ್ಯಾಯ. ಹೆಂಡದಂಗಡಿಯಲ್ಲಿ ಒಬ್ಬ ಮುದುಕ ಪೈಂಟ್ ಲೆಕ್ಕದಲ್ಲಿ ಬಿಯರ್ ಕೇಳುತ್ತಾನೆ, ಅಂಗಡಿಯವನಿಗೆ ಲೀಟರ್, ಅರ್ಧ ಲೀಟರ್ ಬಿಟ್ಟು ಬೇರೆ ಗೊತ್ತಿಲ್ಲ. ಪಾವು, ಚಟಾಕು ಎಂದರೆ ಇಂದಿನ ಹುಡುಗರು ಮುಖ ನೋಡುವ ಹಾಗೆ. ಪಾರ್ಟಿಯನ್ನು ಅಧಿಕಾರಕ್ಕೆ ತಂದ ಕ್ರಾಂತಿಗೆ ಮೊದಲು ಬದುಕು ಚೆನ್ನಾಗಿತ್ತೇ ಎಂದು ವಿನ್‌ಸ್ಟನ್ ಕೇಳಿದರೆ ಮುದುಕ ಏನೇನೋ ಚಿಲ್ಲರೆ ಸಂಗತಿ ಹೇಳುತ್ತಾನೆ, ವಿನ್‌ಸ್ಟನ್ ಬೇಸತ್ತು ಎದ್ದುಬಿಡುತ್ತಾನೆ. ಆದರೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿದರೂ ಸೈರನ್ನು, ಪಾಳಿ, ಬಟವಾಡೆ ದಿನದ ಮಾತೇ ಬರುತ್ತದೆ. ಹಳೆಯ ದಾಖಲೆಗಳನ್ನು ಪಾರ್ಟಿಗೆ ಬೇಕಾದಂತೆ ತಿದ್ದುವ ಸಚಿವಾಲಯದವರ ಕೈಗೆ ಸಿಗದೆ ಉಳಿದದ್ದು ಆ ಪೈಂಟ್ ಒಂದೇ, ಅದನ್ನು ವಿನ್‌ಸ್ಟನ್ ಗುರುತಿಸಲಿಲ್ಲ.

ಕೊನೆಗೆ ಬೈಂಡಿಂಗ್. ಇಷ್ಟು ಹಿಂದೆಮುಂದೆ ತಿರುವಬೇಕಾದ ಪುಸ್ತಕಕ್ಕೆ ಬರೀ ಗೋಂದಿನ ಬೆನ್ನು ಸಾಲದು, ನಡುವೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಹಾಕಿದ ಪ್ರತಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ತೊಳಹುಣಸೆ ಬಸ್ಸಿನಲ್ಲಿ ಓದುವವರು ಅಕ್ಷರದ ಗಾತ್ರವನ್ನೂ ನೋಡಿ: ಗೋಲ್ಡ್‌ಸ್ಟೀನ್ ಭಾಗವನ್ನು ಕೆಲವರು ಇನ್ನೂ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ.