ರೀಪರ್ ದೀರ್ಘಕಾಲದ ಬಳಕೆಯ ವಿಮರ್ಶೆ: ಮನೆಯಲ್ಲಿ ಹಾಡಿ, ಗೆಳೆಯರ ಕಿವಿಗೆ ಒಪ್ಪಿಸುವವರಿಗಾಗಿ

ಧ್ವನಿಮುದ್ರಣ ತಂತ್ರಾಂಶಗಳ ವಿಮರ್ಶೆಗಳು ಸಾಮಾನ್ಯವಾಗಿ ಅದರೊಳಗೆ ಎಷ್ಟು ವಾದ್ಯಗಳಿವೆ, ಎಷ್ಟು ಎಫೆಕ್ಟುಗಳಿವೆ ಎಂಬ ಲೆಕ್ಕದಲ್ಲಿಯೇ ಮುಗಿದುಹೋಗುತ್ತವೆ. ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶವನ್ನು ಅದರ ಆರನೇ ಆವೃತ್ತಿಯ ಕಾಲದಿಂದ ರಾಯಚೂರಿನ ನಮ್ಮ ಮನೆಯ ಒಳಕೋಣೆಯಲ್ಲಿ ಬಳಸುತ್ತ ಬಂದಿರುವ ನಾನು ಅದನ್ನು ಮೆಚ್ಚಿರುವುದು ಬೇರೆ ಕಾರಣಕ್ಕೆ. ನನ್ನ ಹಾಡಿನ ಬಗ್ಗೆ ಇನ್ನೊಬ್ಬರು ಆಡಿದ ಮಾತನ್ನು ಹಾಡಿನ ಅದೇ ಜಾಗದಲ್ಲಿ ಬರೆದಿಟ್ಟುಕೊಂಡು, ಅದರಂತೆ ತಿದ್ದಿ ನೋಡಿ, ಹಳೆಯದನ್ನೂ ಹೊಸದನ್ನೂ ಒಂದೇ ಮಟ್ಟದ ಸದ್ದಿನಲ್ಲಿ ಹೋಲಿಸಿ, ಬೇಡವೆನಿಸಿದರೆ ಏನೂ ಕೆಡದಂತೆ ಹಿಂದಕ್ಕೆ ಮರಳುವ ಕೆಲಸಕ್ಕೆ ಇದು ಚೆನ್ನಾಗಿ ಒದಗುತ್ತದೆ. ಈ ವಿಮರ್ಶೆ ಆ ಕೆಲಸದ ಮಟ್ಟಿಗೆ ಮಾತ್ರ.

ನಾವು ಕೆಲವು ಗೆಳೆಯರು ತತ್ವಪದ, ದಾಸರ ಪದ, ರಂಗಗೀತೆಗಳನ್ನು ಮನೆಯಲ್ಲಿಯೇ ಮುದ್ರಿಸಿಕೊಂಡು ಒಬ್ಬರಿಗೊಬ್ಬರು ಕಳುಹಿಸುತ್ತೇವೆ. ಮಾನ್ವಿ, ಸಿಂಧನೂರು, ಗಂಗಾವತಿ, ಬಳ್ಳಾರಿಗಳಲ್ಲಿ ಇರುವ ಇವರಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಮಾನ್ವಿಯೂ ಇರುವ ಜಿಲ್ಲೆಯಲ್ಲಿ ಹಾಡುವವರಿಗೆ ಬರವಿಲ್ಲ. ಹಾಡಿದ್ದನ್ನು ಕೇಳಿ ಎಲ್ಲಿ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುವವರಿಗೆ ಬರವಿದೆ. ‘ಭಾಳ ಛಲೋ ಬಂದೈತ್ರಿ’ ಎಂಬ ಮಾತಿನ ಹಿಂದೆ ಎರಡು ಕೈಮುಗಿದ ಚಿತ್ರ ಬಂದರೆ ಅಲ್ಲಿಗೆ ವಿಮರ್ಶೆ ಮುಗಿಯಿತು ಎಂದೇ ಅರ್ಥವಾಗಿತ್ತು. ಆದ್ದರಿಂದ ನಾವು ಒಂದು ಕಟ್ಟಳೆ ಮಾಡಿಕೊಂಡೆವು: ಅಭಿಪ್ರಾಯ ಹೇಳುವವರು ನಿಮಿಷ, ಸೆಕೆಂಡನ್ನು ಬರೆಯಬೇಕು, ಯಾವುದರಲ್ಲಿ ಕೇಳಿದರೆಂಬುದನ್ನೂ ಹೇಳಬೇಕು. ಪರಿಹಾರ ಸೂಚಿಸುವುದು ಅವರ ಇಷ್ಟಕ್ಕೆ ಬಿಟ್ಟದ್ದು.

ಗಂಗಾವತಿಯ ಗೆಳೆಯರು ಒಂದು ತತ್ವಪದವನ್ನು ಕೇಳಿ, ‘1:42. ಸರ್, ಎರಡನೇ ನುಡಿಯೊಳಗ ದನಿ ಹಿಂದಕ್ಕ ಬಿದ್ದೈತ್ರಿ. ಇಯರ್‌ಫೋನ್’ ಎಂದು ಬರೆದರು. ರೀಪರಿನಲ್ಲಿ ಕರ್ಸರನ್ನು ಆ ಜಾಗಕ್ಕೆ ಒಯ್ದು ಶಿಫ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗುರುತಿನ ಹೆಸರು ಕೇಳುವ ಸಣ್ಣ ಕಿಟಕಿ ತೆರೆಯುತ್ತದೆ. ಅದರಲ್ಲಿ ‘ಗಂಗಾವತಿ, ದನಿ ಹಿಂದೆ’ ಎಂದು ಬರೆದು, ಅವರಿಗೆ ಮೀಸಲಿಟ್ಟ ಹಸಿರು ಬಣ್ಣವನ್ನು ಹಚ್ಚಿದೆ. ಸ್ವಲ್ಪ ಹೊತ್ತಿನಲ್ಲಿ ಮಾನ್ವಿಯಿಂದ ಒಬ್ಬರು 1:45ರಲ್ಲಿ ಹಾರ್ಮೋನಿಯಂ ಜಾಸ್ತಿಯಾಗಿದೆ ಎಂದರು. ಬಳ್ಳಾರಿಯವರು 1:49ರಲ್ಲಿ ಸಾಹಿತ್ಯ ತಿಳಿಯುತ್ತಿಲ್ಲ, ಅಕ್ಷರಗಳನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು ಎಂದರು. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಗುರುತುಗಳು ಬೆರಳಗಲದ ಜಾಗದಲ್ಲಿ ಒತ್ತಿಕೊಂಡು ನಿಂತವು. ಮೂವರೂ ಬೇರೆ ಬೇರೆ ದೂರು ಹೇಳಿದ್ದರು, ಬೇರೆ ಬೇರೆ ಮದ್ದು ಸೂಚಿಸಿದ್ದರು. ಜಾಗ ಮಾತ್ರ ಒಂದೇ ಆಗಿತ್ತು.

ಅಲ್ಲಿ ನಡೆದಿದ್ದು ಇಷ್ಟು. ಎರಡನೇ ನುಡಿಗೆ ಬರುವಾಗ ಹಾರ್ಮೋನಿಯಂ ನುಡಿಸುವವರು ಮೇಲಿನ ಸ್ವರಗಳಿಗೆ ಏರಿದ್ದರು. ನಾವು ಅಕ್ಷರಗಳನ್ನು ಗುರುತಿಸಲು ನೆಚ್ಚುವ ಧ್ವನಿಯ ಭಾಗವು ಹೆಚ್ಚಾಗಿ ಒಂದರಿಂದ ನಾಲ್ಕು ಕಿಲೋಹರ್ಟ್ಸ್ ನಡುವೆ ಇರುತ್ತದೆ. ಹಾರ್ಮೋನಿಯಂ ರೀಡಿನ ಚುರುಕು ದನಿಯೂ ಅದೇ ಪಟ್ಟಿಯಲ್ಲಿ ಬಂದು ಕೂರುತ್ತದೆ. ದನಿಯನ್ನು ಏರಿಸಿದ್ದರೆ ಮೊದಲ ನುಡಿಗೂ ಎರಡನೆಯದಕ್ಕೂ ತಾಳೆಯಾಗುತ್ತಿರಲಿಲ್ಲ, ಹಾರ್ಮೋನಿಯಂ ಅನ್ನು ಪೂರ್ತಿ ಇಳಿಸಿದ್ದರೆ ಪದಕ್ಕೆ ಆಸರೆಯೇ ತಪ್ಪುತ್ತಿತ್ತು. ದನಿಯ ಒಂದೊಂದು ಪಟ್ಟಿಯನ್ನು ಬೇರೆಯಾಗಿ ಏರಿಳಿಸಲು ರೀಪರಿನ ಜೊತೆಗೇ ಬರುವ ರೀಇಕ್ಯೂ ಎಂಬ ಸಾಧನದಿಂದ ಆ ಭಾಗದಲ್ಲಿ ಹಾರ್ಮೋನಿಯಂನ ಎರಡು ಕಿಲೋಹರ್ಟ್ಸ್ ಸುತ್ತಮುತ್ತ ಮೂರು ಡೆಸಿಬೆಲ್ ಇಳಿಸಿದಾಗ ಮೂವರ ದೂರೂ ಒಟ್ಟಿಗೆ ಹೋಯಿತು. ಇಂಥದ್ದು ಮತ್ತೆ ಮತ್ತೆ ನಡೆದ ಮೇಲೆ ನನ್ನ ಅನುಭವ ಹೇಳುವುದೇನೆಂದರೆ, ಕೇಳುಗರು ತೋರಿಸುವ ಜಾಗ ಬಹುಮಟ್ಟಿಗೆ ಸರಿಯಾಗಿರುತ್ತದೆ, ಅವರು ಹೇಳುವ ಪರಿಹಾರ ಬಹುಮಟ್ಟಿಗೆ ತಪ್ಪಾಗಿರುತ್ತದೆ. ಜಾಗವನ್ನು ಕಾಪಿಟ್ಟುಕೊಳ್ಳುವ ತಂತ್ರಾಂಶ ಬೇಕಾಗುವುದು ಇದಕ್ಕೇ. ಗುರುತುಗಳನ್ನೆಲ್ಲ ಪಟ್ಟಿಯಾಗಿ ತೋರಿಸುವ ಕಿಟಕಿಯೊಂದಿದ್ದು, ಅದರಲ್ಲಿನ ಹೆಸರಿನ ಮೇಲೆ ಒತ್ತಿದರೆ ಹಾಡು ನೇರವಾಗಿ ಅಲ್ಲಿಗೆ ಹೋಗುತ್ತದೆ.

ಎರಡನೆಯ ಗುಣ ಸದ್ದಿನ ಮಟ್ಟಕ್ಕೆ ಸಂಬಂಧಿಸಿದ್ದು. ಒಂದೇ ಹಾಡಿನ ಎರಡು ರೂಪಗಳನ್ನು ಕೇಳಿಸಿದಾಗ ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಸದ್ದು ಕಡಿಮೆಯಾದಂತೆ ತಗ್ಗಿನ ದನಿಗಳು ಕಿವಿಗೆ ಇನ್ನೂ ಹೆಚ್ಚು ಕ್ಷೀಣವಾಗಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲಿಯೇ ಅಳೆದು ತೋರಿಸಿದ್ದರು. ಹಾಗಾಗಿ ಮಟ್ಟವನ್ನು ಸಮ ಮಾಡದೆ ಕೇಳಿದ ಅಭಿಪ್ರಾಯಕ್ಕೆ ಬೆಲೆಯಿಲ್ಲ. ರೀಪರಿನಲ್ಲಿ ಹಾಡನ್ನು ಕಡತವಾಗಿ ಹೊರತೆಗೆಯುವ ಕಿಟಕಿಯಲ್ಲಿಯೇ ಒಟ್ಟಾರೆ ಸದ್ದು ಎಲ್‌ಯುಎಫ್‌ಎಸ್ ಅಳತೆಯಲ್ಲಿ (ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಲೆಕ್ಕ) ಎಷ್ಟಿರಬೇಕೆಂದು ನಮೂದಿಸಬಹುದು. ಕೆಲಸ ಮುಗಿದ ಮೇಲೆ ಎಷ್ಟಾಯಿತೆಂಬ ಲೆಕ್ಕವನ್ನೂ ಅದು ಕೊಡುತ್ತದೆ. ಸ್ಪಾಟಿಫೈಯಂತಹ ಸೇವೆಗಳು -14ರ ಮಟ್ಟಕ್ಕೆ ಹೊಂದಿಸುತ್ತವಾದರೂ ನಾವು ನಮ್ಮೊಳಗೆ -16 ಎಂದು ಒಪ್ಪಿಕೊಂಡಿದ್ದೇವೆ, ಏಕೆಂದರೆ ಅದಕ್ಕಿಂತ ಏರಿಸಿದರೆ ತಬಲದ ಚಾಟಿಯ ಪೆಟ್ಟುಗಳು ಸದ್ದು ಮಿತಿಮೀರದಂತೆ ತಡೆಯುವ ಲಿಮಿಟರಿಗೆ ತಗುಲಿ ಮೊಂಡಾಗುತ್ತವೆ. ಬಳ್ಳಾರಿಯ ಗೆಳೆಯರು ನಾಟಕಗಳಿಗೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ ನುಡಿಸಿ ಬೆಳೆದವರಾದ್ದರಿಂದ ಅವರಿಗೆ ಹಾಡುಗಾರನ ದನಿ ಎಲ್ಲಕ್ಕಿಂತ ಮುಂದೆ ನಿಂತಿರಬೇಕು. ಗಂಗಾವತಿಯವರಿಗೆ ಭಜನಾ ಮೇಳದಂತೆ ಎಲ್ಲರೂ ಒಂದೇ ಸಾಲಿನಲ್ಲಿ ಕೇಳಿಸಬೇಕು. ಇಬ್ಬರ ಮಾತಿನಂತೆಯೂ ಒಂದೊಂದು ರೂಪವನ್ನು ಸಮ ಮಟ್ಟದಲ್ಲಿ ಮಾಡಿ ಕಳುಹಿಸಿದ ದಿನ ಇಬ್ಬರೂ ತಮ್ಮ ರೂಪವನ್ನೇ ಆರಿಸಿದರು. ಕನಿಷ್ಠಪಕ್ಷ ಅದು ರುಚಿಯ ವ್ಯತ್ಯಾಸವೇ ಹೊರತು ಸದ್ದಿನ ಮೋಸವಲ್ಲ ಎಂಬುದಂತೂ ಖಾತ್ರಿಯಾಯಿತು.

ಯಾವುದರಲ್ಲಿ ಕೇಳಿದಿರಿ ಎಂಬ ಪ್ರಶ್ನೆಯಿಂದ ಆಗುವ ಲಾಭ ತಬಲದ ಜೊತೆಯ ತಗ್ಗು ದನಿಯ ಡಗ್ಗದ ವಿಷಯದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಡಗ್ಗ ಕೇಳಿಸುತ್ತಿಲ್ಲ ಎಂದು ಬರೆದವರೆಲ್ಲ ಹೆಚ್ಚುಕಡಿಮೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿದವರೇ ಆಗಿರುತ್ತಾರೆ. ಡಗ್ಗದ ಮೂಲ ನಾದ ನೂರು ಹರ್ಟ್ಸ್ ಆಸುಪಾಸಿನದ್ದು. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ದನಿಯನ್ನು ಹೊರಡಿಸುವ ಶಕ್ತಿಯೇ ಇರುವುದಿಲ್ಲ. ಆ ಮಾತನ್ನು ನಂಬಿ ತಗ್ಗನ್ನು ಏರಿಸಿದರೆ ಮೊಬೈಲಿನಲ್ಲಿ ಏನೂ ಬದಲಾಗದು, ಕಾರಿನಲ್ಲಿ ಕೇಳಿದವರಿಗೆ ಮಾತ್ರ ಬಾಗಿಲು ಅದುರುತ್ತದೆ. ಅದರ ಬದಲು ಡಗ್ಗದ ಟ್ರ್ಯಾಕಿಗೆ ತುಸು ಸ್ಯಾಚುರೇಶನ್ (ದನಿಯನ್ನು ಹದವಾಗಿ ಒರಟಾಗಿಸುವ ಎಫೆಕ್ಟು) ಕೊಟ್ಟು ಮುನ್ನೂರು, ನಾಲ್ಕುನೂರು ಹರ್ಟ್ಸ್ ಭಾಗದ ಅನುರಣಿತಗಳನ್ನು, ಎಂದರೆ ಮೂಲ ನಾದದ ಮೇಲಿನ ಉಪನಾದಗಳನ್ನು, ಎಬ್ಬಿಸಿದರೆ ಕಿವಿಯು ಕೆಳಗಿನ ನಾದವನ್ನು ತಾನೇ ಊಹಿಸಿಕೊಳ್ಳುತ್ತದೆ.

ಸಿಂಧನೂರಿನ ಅಕ್ಕನವರೊಬ್ಬರ ಕಿವಿ ಶ್ರುತಿಯ ವಿಷಯದಲ್ಲಿ ಬಲು ಸೂಕ್ಷ್ಮ. ಕಪ್ಪು ಎರಡರ ಶ್ರುತಿಯ ಒಂದು ದಾಸರ ಪದದಲ್ಲಿ ತಂಬೂರಿಗೂ ಹಾರ್ಮೋನಿಯಂಗೂ ಎಲ್ಲೋ ತಿಕ್ಕಾಟವಿದೆ ಎಂದು ಅವರು ಮೊದಲ ಹತ್ತು ಸೆಕೆಂಡಿನಲ್ಲಿಯೇ ಗುರುತಿಸಿದರು. ನಮ್ಮ ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳು ಅಂತರರಾಷ್ಟ್ರೀಯ ಶ್ರುತಿಗಿಂತ ಒಂದಿಷ್ಟು ಮೇಲಿರುವುದು ಸಾಮಾನ್ಯ, ಮೊಬೈಲಿನ ತಂಬೂರಿಯಾದರೋ ಕರಾರುವಾಕ್ಕಾಗಿ ಆ ಅಂತರರಾಷ್ಟ್ರೀಯ ಶ್ರುತಿಯ 440 ಹರ್ಟ್ಸ್ ಲೆಕ್ಕದಲ್ಲಿ ನುಡಿಯುತ್ತದೆ. ಶ್ರುತಿ ಅಳೆಯುವ ರೀಟ್ಯೂನ್ ಸಾಧನದಲ್ಲಿ ನೋಡಿದಾಗ ವ್ಯತ್ಯಾಸ ಇಪ್ಪತ್ತು ಸೆಂಟ್, ಎಂದರೆ ಅರ್ಧ ಸ್ವರದ ನೂರರಲ್ಲಿ ಇಪ್ಪತ್ತು ಪಾಲು, ಇತ್ತು. ತಂಬೂರಿಯ ತುಣುಕಿನ ಗುಣಲಕ್ಷಣಗಳ ಕಿಟಕಿ ತೆರೆದು ಪಿಚ್ ಎಂಬಲ್ಲಿ 0.20 ಎಂದು ತುಂಬಿದೆ, ಶ್ರುತಿ ಕೂಡಿತು. ಇಡೀ ಹಾಡನ್ನು ಮತ್ತೆ ಹಾಡಬೇಕಾದ ಪ್ರಸಂಗ ತಪ್ಪಿತು ಎಂಬುದಕ್ಕಿಂತ, ಅಕ್ಕನವರು ಅಂದಾಜಿನ ಮೇಲೆ ಹೇಳಿದ್ದು ಅಂಕಿಯಾಗಿ ಕಣ್ಣಿಗೆ ಕಂಡಿತು ಎಂಬುದೇ ನನಗೆ ಹೆಚ್ಚಿನದಾಗಿ ತೋರಿತು.

ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಹಾಡುವುದೆಂದರೆ ಒಂದೆರಡು ಪದಕ್ಕೆ ಬೆವರಿನ ಸ್ನಾನವೇ ಸರಿ, ಆದ್ದರಿಂದ ಫ್ಯಾನಿನ ಸದ್ದು ನಮ್ಮೆಲ್ಲರ ಮುದ್ರಣದಲ್ಲಿಯೂ ಇರುತ್ತದೆ. ರೀಎಫ್‌ಐಆರ್ ಎಂಬ ಸಾಧನದಲ್ಲಿ ‘ಸಬ್‌ಟ್ರ್ಯಾಕ್ಟ್’ ವಿಧಾನವನ್ನು ಆರಿಸಿ, ಹಾಡಿಲ್ಲದ ನಾಲ್ಕು ಸೆಕೆಂಡನ್ನು ಕೇಳಿಸಿದರೆ ಅದು ಕೋಣೆಯ ಸದ್ದಿನ ಅಚ್ಚನ್ನು ಕಲಿತುಕೊಂಡು ಹಾಡಿನಿಂದ ಕಳೆಯುತ್ತದೆ. ಕಲಿಯುವ ಆಯ್ಕೆಗೆ ಹಾಕಿದ ಗುರುತನ್ನು ಆಮೇಲೆ ತೆಗೆದುಹಾಕದೆ ಹಾಡು ಓಡಿಸಿದರೆ ಹಾಡುಗಾರನ ದನಿಯನ್ನೂ ಸದ್ದೆಂದೇ ಕಲಿತು ಅಳಿಸುತ್ತದೆ, ಎಚ್ಚರ. ಮಿತಿಮೀರಿ ಕಳೆದರೆ ಆಗುವ ಕೇಡನ್ನು ಮಾನ್ವಿಯವರು ‘ಬಾವ್ಯಾಗ ಇಳದು ಹಾಡಿದಂಗ’ ಎಂದು ವರ್ಣಿಸಿದ್ದರು, ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ. ಫ್ಯಾನ್ ಗಾಳಿ ಮೈಕಿಗೆ ನೇರವಾಗಿ ಬಡಿಯದಂತೆ ಕೂತು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಮುದ್ರಿಸಿದರೆ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಚಾರ್ಜರಿನ ದಾರಿಯಿಂದ 50 ಹರ್ಟ್ಸಿನ ಗುಂಯ್‌ಗುಡುವಿಕೆ ಬಂದು ಸೇರುವುದನ್ನು ಯಾವ ತಂತ್ರಾಂಶವೂ ಪೂರ್ತಿ ಅಳಿಸಲಾರದು.

ಇನ್ನು ಕೊರತೆಗಳು. ರೀಪರ್ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಓಡುತ್ತದೆ, ಮೊಬೈಲಿನಲ್ಲಿ ಇಲ್ಲ. ನಮ್ಮ ಬಳಗದಲ್ಲಿ ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಿದ್ದನ್ನು ಬೇರೆಯವರೇ ಜೋಡಿಸಬೇಕಾಗುತ್ತದೆ. ಸಿದ್ಧ ತಬಲ, ತಂಬೂರಿ, ಲೂಪುಗಳ ಭಂಡಾರವೂ ಇದರೊಳಗಿಲ್ಲ; ಹಾಡಿ, ನುಡಿಸಿ ಮುದ್ರಿಸುವ ನಮಗೆ ಅದು ಬೇಕೂ ಇಲ್ಲ, ಕೀಬೋರ್ಡಿನಲ್ಲಿಯೇ ಹಾಡು ಕಟ್ಟುವವರು ಮಾತ್ರ ಬೇರೆ ಕಡೆ ನೋಡುವುದು ಒಳಿತು. ಮೊದಲ ಸಲ ತೆರೆದಾಗ ಮೆನುಗಳ ರಾಶಿ ನೋಡಿ ಗಾಬರಿಯಾಗುವುದು ಸಹಜ. ತಾಳದ ಕ್ಲಿಕ್ ಇಲ್ಲದೆ ಹಾಡುವವರು ಮೇಲಿನ ಅಳತೆಪಟ್ಟಿಯನ್ನು ಮಾತ್ರೆಗಳಿಂದ ನಿಮಿಷ-ಸೆಕೆಂಡಿಗೆ ಬದಲಿಸಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ, ಗೆಳೆಯರು ಬರೆದ ಸಮಯಕ್ಕೂ ಪರದೆಗೂ ಹೊಂದಿಕೆಯಾಗುತ್ತದೆ.

ಕಡತದ ಗಾತ್ರದ ಬಗ್ಗೆಯೂ ಕೇಳುತ್ತಾರೆ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ವೇವ್ ಕಡತ ನಿಮಿಷಕ್ಕೆ ಸುಮಾರು 17 ಎಂ.ಬಿ. ಆಗುತ್ತದೆ, 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 2.4 ಎಂ.ಬಿ. ಅಭಿಪ್ರಾಯ ಕೇಳಲು ಎಂಪಿ3 ಧಾರಾಳವಾಗಿ ಸಾಕು. ವಾಟ್ಸಾಪಿನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಹಾಡನ್ನು ಒಂದು ಫೋನಿನಲ್ಲಿ ಹಚ್ಚಿ ಇನ್ನೊಂದರಿಂದ ಧ್ವನಿಸಂದೇಶವಾಗಿ ಹಿಡಿದು ಕಳುಹಿಸುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ಹಾಡಿನ ರಾಗ, ಸಾಹಿತ್ಯದ ಬಗ್ಗೆ ಮಾತಾಡಬಹುದು, ದನಿಯ ಗುಣದ ಬಗ್ಗೆ ಅಲ್ಲ. ತಬಲದವರ ಲ್ಯಾಪ್‌ಟಾಪಿಗೆ ಇಡೀ ಕೆಲಸವನ್ನೇ ಒಯ್ಯಬೇಕಾದರೆ, ಉಳಿಸುವಾಗ ಎಲ್ಲ ಧ್ವನಿ ಕಡತಗಳನ್ನೂ ಅದೇ ಫೋಲ್ಡರಿಗೆ ನಕಲು ಮಾಡುವ ಆಯ್ಕೆಗೆ ಗುರುತು ಹಾಕುವುದನ್ನು ಮರೆಯಬಾರದು.

ಬೆಲೆಯ ವಿಚಾರ ಹೇಳುವುದಾದರೆ, ಹಾಡು ಕೇಳುವ ವಿನಾಂಪ್ ತಂತ್ರಾಂಶವನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಸಂಸ್ಥೆ ಇದನ್ನು ಅರವತ್ತು ದಿನ ಪೂರ್ಣರೂಪದಲ್ಲಿ ಪರೀಕ್ಷಿಸಲು ಕೊಡುತ್ತದೆ. ಆಮೇಲೆ ಹವ್ಯಾಸಿಗಳಿಗೂ ಸಣ್ಣ ಆದಾಯದವರಿಗೂ 60 ಡಾಲರ್, ವಾಣಿಜ್ಯ ಬಳಕೆಗೆ 225 ಡಾಲರ್. ಅವಧಿ ಮುಗಿದರೂ ತಂತ್ರಾಂಶಕ್ಕೆ ಬೀಗ ಬೀಳುವುದಿಲ್ಲ, ತೆರೆದಾಗಲೆಲ್ಲ ಕೆಲವು ಸೆಕೆಂಡು ನೆನಪೋಲೆ ತೋರಿಸುತ್ತದೆ ಅಷ್ಟೆ. ಐದು ಸಾವಿರ ರೂಪಾಯಿ ಆಸುಪಾಸಿನ ಆ ಮೊತ್ತವನ್ನು ಕೊಡದೆ ವರ್ಷಗಟ್ಟಲೆ ಬಳಸುವವರು ನಮ್ಮ ನಡುವೆಯೂ ಇದ್ದಾರೆ, ನನಗೆ ಅದು ಒಪ್ಪಿಗೆಯಲ್ಲ. ಹೊರದೇಶದ ಪಾವತಿಗೆ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಮೊದಲೇ ತೆರೆಸಿಟ್ಟುಕೊಳ್ಳಬೇಕು. 2023ರ ಅಕ್ಟೋಬರಿನಲ್ಲಿ ಬಂದ ಏಳನೇ ಆವೃತ್ತಿಗೆ ಪಡೆದ ಪರವಾನಗಿ ಎಂಟನೆಯದು ಮುಗಿಯುವವರೆಗೂ ನಡೆಯುತ್ತದೆ. ಕೈಯಲ್ಲಿ ಇರುವುದೇ ಐದು ಸಾವಿರವಾದರೆ ಮೊದಲು ಒಳ್ಳೆಯ ಹೆಡ್‌ಫೋನ್ ಕೊಳ್ಳಿ, ಅರವತ್ತು ದಿನದ ಪರೀಕ್ಷೆಯನ್ನು ಆಮೇಲೆ ಶುರುಮಾಡಿ.