ಕವಲೇದುರ್ಗ: ಕಲ್ಲು ಹಾಸಿದ ಕಾಡುಹಾದಿಯಲ್ಲೊಂದು ಸಲೀಸಾದ ಏರು

ಮಲೆನಾಡಿನಲ್ಲಿ ಬೆಟ್ಟದ ನೆತ್ತಿಯಿಂದ ಸುತ್ತಲ ಕಣಿವೆಯನ್ನು ನೋಡಬೇಕೆನ್ನುವವರು ಒಂದೋ ಕುಂದಾದ್ರಿಯಂತಹ ಕಡೆ ತುದಿಯ ಹತ್ತಿರದವರೆಗೂ ವಾಹನದಲ್ಲೇ ಹೋಗಿ ಇಳಿಯುತ್ತಾರೆ, ಇಲ್ಲವೇ ಕುದುರೆಮುಖದಂತಹ ಕಡೆ ಇಡೀ ದಿನ ಬೆವರು ಸುರಿಸುತ್ತಾರೆ. ಮೊದಲನೆಯದರಲ್ಲಿ ನಡಿಗೆಯ ಸುಖವಿಲ್ಲ, ಎರಡನೆಯದಕ್ಕೆ ಮನೆಯವರೆಲ್ಲರ ಮೊಣಕಾಲು ಒಪ್ಪುವುದಿಲ್ಲ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿರುವ ಹಳೆಯ ಕೋಟೆಬೆಟ್ಟ ಕವಲೇದುರ್ಗ ಇವೆರಡರ ನಡುವಿನದು. ಹತ್ತು ವರ್ಷದ ಮಕ್ಕಳನ್ನೂ, ನಿತ್ಯ ವಾಕಿಂಗ್ ಮಾಡುವ ಅಜ್ಜ ಅಜ್ಜಿಯರನ್ನೂ ಒಟ್ಟಿಗೆ ಕರೆದೊಯ್ಯಬಹುದಾದ ಕಾಡುಹಾದಿ ಯಾವುದೆಂದು ಕೇಳಿದವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ವಾಹನ ನಿಲ್ಲಿಸಿ ಕೆಲವು ಮನೆಗಳನ್ನು ದಾಟಿದರೆ ಗದ್ದೆಯ ಅಂಚಿನಲ್ಲಿ ಸ್ವಲ್ಪ ದೂರ ಸಮತಟ್ಟಾದ ನಡಿಗೆ. ಆಮೇಲೆ ಮರಗಳ ನೆರಳು ಶುರುವಾಗುತ್ತದೆ, ಕಾಲಡಿಗೆ ಕಲ್ಲಿನ ಚಪ್ಪಡಿಗಳು ಬರುತ್ತವೆ. ಈ ಚಪ್ಪಡಿಗಳೇ ಇಲ್ಲಿನ ಏರನ್ನು ಹಗುರಗೊಳಿಸಿವೆ. ಬೇರೆ ಬೆಟ್ಟಗಳಲ್ಲಿ ಬೇರು ಹಿಡಿದು, ಮಣ್ಣು ಜಾರುವ ಕಡೆ ಕೈಯೂರಿ ಹತ್ತಬೇಕಾದರೆ, ಇಲ್ಲಿ ಊರೊಂದು ನೆಲೆಸಿದ್ದ ಬೆಟ್ಟಕ್ಕೆ ಜನ ಓಡಾಡಲೆಂದೇ ಹಾಸಿದ ದಾರಿಯಲ್ಲಿ ನಡೆಯುತ್ತೇವೆ. ಕೆಳದಿಯ ಅರಸ ವೆಂಕಟಪ್ಪ ನಾಯಕನ ಕಾಲದಲ್ಲಿ ಇದು ಅರಮನೆ, ಮಠ, ಅಗ್ರಹಾರ, ಕಣಜಗಳಿದ್ದ ನೆಲೆಯಾಗಿತ್ತು. ಆಗ ಇದನ್ನು ಭುವನಗಿರಿ ದುರ್ಗವೆಂದೂ ಕರೆಯುತ್ತಿದ್ದರು. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ವಶಪಡಿಸಿಕೊಂಡ ಮೇಲೆ ಕೆಳದಿಯ ಆಳ್ವಿಕೆ ಮುಗಿಯಿತು. ಆದರೆ ಆ ಕಾಲದ ಕಲ್ಲುಹಾಸು ಇಂದಿಗೂ ಕೆಲಸಕ್ಕೆ ಬರುತ್ತಿದೆ ಎಂಬುದನ್ನು ಹತ್ತುವವರ ಕಾಲೇ ಹೇಳುತ್ತದೆ.

ಬೆಟ್ಟದ ಮೈಯನ್ನೇ ಅನುಸರಿಸಿ ಕಟ್ಟಿದ ಕೋಟೆಯು ಸುತ್ತು ಸುತ್ತಾಗಿ ಮೇಲೇರುತ್ತದೆ. ಪ್ರತಿ ಹೆಬ್ಬಾಗಿಲಿನ ಇಕ್ಕೆಲದಲ್ಲಿ ಕಾವಲಿನವರಿಗೆಂದು ಮಾಡಿದ ಕಲ್ಲಿನ ಕೋಣೆಗಳಿವೆ. ಹಿಂದೆ ಶತ್ರುವನ್ನು ತಡೆಯಲೆಂದು ಕಟ್ಟಿದ ಈ ಬಾಗಿಲುಗಳು ಈಗ ಏದುಸಿರು ಬಿಡುವವರಿಗೆ ಕುಳಿತುಕೊಳ್ಳುವ ಜಾಗವಾಗಿವೆ. ನಿಧಾನವಾಗಿ, ನಿಂತು ನಿಂತು ಹತ್ತಿದರೂ ಸುಮಾರು ಒಂದು ಗಂಟೆಯಲ್ಲಿ ಮೇಲಿನ ಬಯಲಿನ ಕಾಶಿ ವಿಶ್ವನಾಥ ದೇವಾಲಯವನ್ನು ತಲುಪಬಹುದು.

ಹೆಚ್ಚಿನವರು ಇಲ್ಲಿ ಒಂದೆರಡು ಫೋಟೊ ತೆಗೆದುಕೊಂಡು ನೇರವಾಗಿ ತುದಿಯ ಕಡೆಗೆ ಧಾವಿಸುತ್ತಾರೆ. ಹಾಗೆ ಮಾಡಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ಅರಮನೆಯ ಮಾಡೂ ಗೋಡೆಗಳೂ ಹೋಗಿ ಜಗಲಿ, ಕಂಬಗಳ ಬುಡ ಮತ್ತು ಅಡಿಪಾಯ ಮಾತ್ರ ಉಳಿದಿದ್ದರೂ, ಮನೆಯ ವಿನ್ಯಾಸವನ್ನು ಓದಿಕೊಳ್ಳಲು ಅಷ್ಟೇ ಸಾಕು. ಅಡುಗೆಮನೆಯಿದ್ದ ಜಾಗದಲ್ಲಿ ಹಲವು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ಕಲ್ಲಿನ ಒಲೆಯಿದೆ. ಬಗ್ಗಿ ನೋಡಿದರೆ ಪಾತ್ರೆ ಕೂರುತ್ತಿದ್ದ ದುಂಡನೆಯ ಕಂಡಿಗಳು ಕಾಣುತ್ತವೆ. ಬಚ್ಚಲಿನ ಕಲ್ಲು, ನೀರು ಹರಿದುಹೋಗಲು ಕೊರೆದ ಕಾಲುವೆ, ಸಮೀಪದ ಕೊಳ ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ನೋಡುತ್ತಾ ಹೋದರೆ, ಅರಮನೆಗೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂಬ ಲೆಕ್ಕ ಮಕ್ಕಳಿಗೂ ಹತ್ತುತ್ತದೆ. ಯುದ್ಧದ ಕಥೆಗಿಂತ ಈ ಬಚ್ಚಲೇ ಅವರನ್ನು ಹೆಚ್ಚು ಹೊತ್ತು ಹಿಡಿದಿಡುವುದನ್ನು ಕಂಡಿದ್ದೇನೆ.

ಅಲ್ಲಿಂದ ಮುಂದಿನದು ಬರಿ ಬಂಡೆಯ ಏರು. ನೆರಳು ಇಲ್ಲ, ದೂರವೂ ಹೆಚ್ಚಿಲ್ಲ. ಆದರೆ ಇಡೀ ದಾರಿಯಲ್ಲಿ ಎಚ್ಚರದಿಂದ ಕಾಲಿಡಬೇಕಾದ ಭಾಗ ಇದೊಂದೇ. ತುತ್ತತುದಿಯಲ್ಲಿ ಪುಟ್ಟದೊಂದು ಶಿವನ ಗುಡಿಯಿದೆ. ಅದರ ಮುಂದೆ ನಿಂತರೆ ಕೆಳಗೆ ಕಾಡಿನ ಹಸಿರು ಹಾಸು, ಅದರ ನಡುವೆ ಅಲ್ಲಲ್ಲಿ ಮಿನುಗುವ ವಾರಾಹಿಯ ಹಿನ್ನೀರು, ಆಚೆಗೆ ಒಂದರ ಹಿಂದೊಂದು ಸಹ್ಯಾದ್ರಿಯ ಸಾಲುಗಳು ಕಾಣುತ್ತವೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ವಿಸ್ತಾರವಾದ ನೋಟ ಕೊಡುವ ಬೆಟ್ಟ ಈ ಭಾಗದಲ್ಲಿ ವಿರಳ.

ಸಲೀಸು ಎಂದೆನೆಂದು ಎಲ್ಲ ಕಾಲಕ್ಕೂ ಎಲ್ಲರಿಗೂ ಎಂದು ತಿಳಿಯಬಾರದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇದೇ ತಾಲ್ಲೂಕಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಡಿಗಳ ಮೇಲೆ ಪಾಚಿ ಕಟ್ಟಿ, ಏರುವಾಗ ನೆರವಾದ ಅದೇ ಕಲ್ಲು ಇಳಿಯುವಾಗ ಜಾರುತ್ತದೆ. ಇಂಬಳಗಳ ಕಾಟ ಬೇರೆ. ಮಂಜು ಕವಿದರೆ ತುದಿಯಲ್ಲಿ ಎದುರಿನ ಗುಡಿಯ ಹೊರತು ಏನೂ ಕಾಣದೆ ಮರಳಬೇಕಾದೀತು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗಿನ ಹೊತ್ತು ಎಲ್ಲ ರೀತಿಯಿಂದಲೂ ಉತ್ತಮ. ಗಾಲಿಕುರ್ಚಿಗೆ ಈ ದಾರಿ ಆಗುವುದಿಲ್ಲ. ಮಂಡಿನೋವಿದ್ದವರು ಊರುಗೋಲು ಹಿಡಿದು ದೇವಾಲಯದವರೆಗೆ ಹೋಗಿ ನಿಂತರೂ ಬಂದದ್ದು ವ್ಯರ್ಥವೆನಿಸುವುದಿಲ್ಲ. ನೀರು, ತಿಂಡಿಯನ್ನು ಕೆಳಗಿನಿಂದಲೇ ಒಯ್ಯಬೇಕು, ಖಾಲಿ ಬಾಟಲಿಯನ್ನು ಮರಳಿ ತರಬೇಕು. ಕಾವಲಿನ ಕೋಣೆಗಳ ಮೂಲೆಯಲ್ಲಿ ಬಿದ್ದಿರುವ ಚಿಪ್ಸ್ ಪೊಟ್ಟಣಗಳನ್ನು ನೋಡಿದರೆ ಈ ಮಾತನ್ನು ಹೇಳದೆ ವಿಧಿಯಿಲ್ಲ. ಬಸ್ಸುಗಳು ವಿರಳವಾದ್ದರಿಂದ ಸ್ವಂತ ವಾಹನ ಅಥವಾ ತೀರ್ಥಹಳ್ಳಿಯಿಂದ ಆಟೊ ಮಾಡಿಕೊಂಡು ಬರುವುದು ಒಳ್ಳೆಯದು.

ಇಲ್ಲಿಯ ಸೂರ್ಯಾಸ್ತವನ್ನು ಹೊಗಳುವವರು ಬಹಳ. ನೋಟದ ಬಗ್ಗೆ ತಕರಾರಿಲ್ಲ, ಆದರೆ ಸೂರ್ಯ ಮುಳುಗುವವರೆಗೂ ಕಾದರೆ ಮರಗಳಡಿಯ ಕಲ್ಲುದಾರಿಯನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಸೂರ್ಯಾಸ್ತಕ್ಕೆಂದೇ ಬರುವವರು ಮಧ್ಯಾಹ್ನಕ್ಕೆ ಕೋಟೆ ಮುಗಿಸಿ, ಸಂಜೆಗೆ ಆಗುಂಬೆ ಘಾಟಿಯ ರಸ್ತೆಬದಿಯ ಸೂರ್ಯಾಸ್ತದ ಕಟ್ಟೆಗೆ ಹೋಗುವುದು ಜಾಣತನ.