ಹೀಟ್ ಮ್ಯಾಟ್ ಮತ್ತು ಥರ್ಮೋಸ್ಟಾಟ್ ಸೆಟ್: ಕಾರ್ನ್ ಸ್ನೇಕ್ ಮರಿ ನುಂಗಿದ್ದನ್ನು ಕಕ್ಕುತ್ತಿದ್ದರೆ ಮೊದಲು ನೋಡಬೇಕಾದ್ದು

5ಕ್ಕೆ 4 ಸ್ಟಾರ್.

ಅಮೆರಿಕದ ಅಂಗಡಿಗಳಲ್ಲಿ ಸಿಗುವ, ಹಾವಿನ ಗಾಜಿನ ಪೆಟ್ಟಿಗೆಯ ಅಡಿಯಲ್ಲಿಡುವ 8 ವಾಟ್‌ನ ಹೀಟ್ ಮ್ಯಾಟ್, ಜೊತೆಗೆ ಅದರ ಬಿಸಿಯನ್ನು ಹಿಡಿತದಲ್ಲಿಡುವ ಆನ್-ಆಫ್ ಥರ್ಮೋಸ್ಟಾಟ್. ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ, ವಿಷವಿಲ್ಲದ ಅಮೆರಿಕದ ಹಾವು) ಮರಿಗಳಿಗೆ ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿರುವುದು. ಮ್ಯಾಟ್ ಬಗ್ಗೆ ತಕರಾರಿಲ್ಲ. ಒಂದು ಸ್ಟಾರ್ ಕಳೆದದ್ದು ಪ್ರೋಬ್ (ಬಿಸಿ ಅಳೆಯುವ ತಂತಿಯ ತುದಿ) ಹಿಡಿದಿಡುವ ಸಕ್ಷನ್ ಕಪ್ಪಿಗೆ, ಮತ್ತು ಏನನ್ನೂ ಹೇಳದ ಕೈಪಿಡಿಗೆ.

ಮರಿ ಹಾವು ಪಿಂಕಿಯನ್ನು (ಕೂದಲು ಬಾರದ ಎಳೆ ಇಲಿಮರಿ) ನುಂಗಿ ಎರಡು ಮೂರು ದಿನಕ್ಕೆ ಕಕ್ಕಿದರೆ ಎಲ್ಲರೂ ಮೊದಲು ದೂರುವುದು ಇಲಿಮರಿಯನ್ನು. ಬಹಳ ಸಲ ಕೊರತೆ ಶಾಖದ್ದು. ಬಿಸಿ ಬದಿಯ ನೆಲ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಜೀರ್ಣ ಸರಾಗ. ನೆಲ ತಣ್ಣಗಿದ್ದರೆ ಇಲಿ ಕರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆತು ಉಬ್ಬುತ್ತದೆ, ಹಾವು ಹೊರಗೆ ತಳ್ಳುತ್ತದೆ.

ಈ ಸೆಟ್ಟಿನಲ್ಲಿ ಎಡವಟ್ಟಾಗುವುದೂ ಇಲ್ಲೇ. ಥರ್ಮೋಸ್ಟಾಟ್ ಪರದೆಯಲ್ಲಿ ಕಾಣುವುದು ಪ್ರೋಬ್ ಇರುವ ಜಾಗದ ಬಿಸಿ, ಹಾವು ಮಲಗಿದ ಜಾಗದ್ದಲ್ಲ. ಪ್ರೋಬನ್ನು ಮ್ಯಾಟ್‌ಗೂ ಗಾಜಿಗೂ ನಡುವೆ ಸಿಕ್ಕಿಸಿದರೆ ಪರದೆ 29 ತೋರಿಸುವಾಗ ಒಳಗಿನ ನೆಲ 25 ಇರಬಹುದು. ಒಳಗೆ ಸಕ್ಷನ್ ಕಪ್ಪಿನಲ್ಲಿ ಅಂಟಿಸಿದರೆ ಅದು ಕೆಲವೇ ವಾರಗಳಲ್ಲಿ ಬಿಟ್ಟುಕೊಳ್ಳುತ್ತದೆ. ಪ್ರೋಬ್ ತಣ್ಣನೆಯ ಮೂಲೆಗೆ ಜಾರಿದರೆ ಮ್ಯಾಟ್ ನಿಲ್ಲದೆ ಉರಿದು ಹಾವಿನ ಹೊಟ್ಟೆ ಸುಡುತ್ತದೆ. ಸೆಲೋಟೇಪ್ ಬಳಸಲೇಬೇಡಿ, ಮರಿಯ ಚರ್ಮ ಅಂಟಿಕೊಂಡು ಹರಿಯುತ್ತದೆ. ಒಳ್ಳೆಯ ದಾರಿ: ಪ್ರೋಬ್ ಹೊರಗೇ ಇರಲಿ, ಒಳಗಿನ ನೆಲಕ್ಕೆ ಟೆಂಪರೇಚರ್ ಗನ್ ಹಿಡಿದು ಅಳೆಯಿರಿ, ಅದು 29 ಬರುವವರೆಗೆ ಥರ್ಮೋಸ್ಟಾಟ್ ಏರಿಸುತ್ತಾ ಹೋಗಿ. ಪರದೆಯಲ್ಲಿ 33 ಇದ್ದರೂ ಗಾಬರಿ ಬೇಡ. ಮ್ಯಾಟ್ ಇರುವ ಕಡೆ ಹಾಸಲು ಬಳಸುವ ಆಸ್ಪೆನ್ ಮರದ ಹೊಟ್ಟು ಒಂದೆರಡು ಸೆಂಟಿಮೀಟರ್ ಸಾಕು. ದಪ್ಪ ಹಾಸಿದರೆ ಮೇಲೆ ತಣ್ಣಗೆ, ಅಡಿಯಲ್ಲಿ ಕಾವಲಿ.

ಮ್ಯಾಟ್ ಪೆಟ್ಟಿಗೆಯ ಮೂರನೇ ಒಂದು ಭಾಗದಷ್ಟೇ ಇರಲಿ. ಡಬ್ಬಿಯಲ್ಲಿ ಬರುವ ನಾಲ್ಕು ರಬ್ಬರ್ ಕಾಲುಗಳನ್ನು ಎಸೆಯಬೇಡಿ, ಅಡಿಯಲ್ಲಿ ಗಾಳಿ ಆಡದಿದ್ದರೆ ಗಾಜು ಬಿರಿಯಬಹುದು. ರಾತ್ರಿ ಬಿಸಿ ಇಳಿಸುವ ಬಟನ್ ಇದೆ. ಊಟ ಕೊಟ್ಟ ಮೇಲೆ 48 ಗಂಟೆ ಅದನ್ನು ಮುಟ್ಟಬೇಡಿ, ಹಾವನ್ನೂ ಮುಟ್ಟಬೇಡಿ. ಮ್ಯಾಟ್ ನೆಲವನ್ನಷ್ಟೇ ಕಾಯಿಸುತ್ತದೆ, ಗಾಳಿಯನ್ನಲ್ಲ. ಚಳಿಗಾಲದಲ್ಲಿ ಕೋಣೆ 20ಕ್ಕಿಂತ ಇಳಿದರೆ ಇದೊಂದನ್ನೇ ನಂಬಿ ಕೂರಲಾಗದು.

ಒಮ್ಮೆ ಕಕ್ಕಿದ ಮರಿಗೆ ಮರುದಿನವೇ ಇನ್ನೊಂದು ಪಿಂಕಿ ಕೊಡುವುದು ಅತಿ ಕೆಟ್ಟ ಆತುರ. ಜಠರದ ಆಮ್ಲವೂ ಲವಣವೂ ಹೊರಹೋಗಿರುತ್ತವೆ, ಗಂಟಲು ಉರಿದಿರುತ್ತದೆ. ನೀರು ಮಾತ್ರ ಇಟ್ಟು ಕನಿಷ್ಠ 10 ದಿನ ಕಾಯಿರಿ. ಆಮೇಲೆ ಮಾಮೂಲಿಯ ಅರ್ಧ ಗಾತ್ರದ್ದು ಕೊಡಿ, ಅಂದರೆ ಆಗಷ್ಟೇ ಹುಟ್ಟಿದ ಇಲಿಮರಿ. ಇಲಿಮರಿಯ ಬೆನ್ನಿಗೆ ಎರಡು ಸಣ್ಣ ಗೀರು ಹಾಕಿದರೆ ಬೇಗ ಕರಗುತ್ತದೆ. ಫ್ರೀಜರಿನದ್ದಾದರೆ ರಾತ್ರಿ ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಜಿಪ್ ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಕಾಯಿಸಿ. ಮೈಕ್ರೋವೇವ್ ಬೇಡ, ಹೊರಗೆ ಬೆಂದು ಒಳಗೆ ಮಂಜುಗಡ್ಡೆ ಉಳಿಯುತ್ತದೆ. ಅದನ್ನು ಅರಗಿಸಿಕೊಂಡರೂ ವಾರದ ಮೇಲೆಯೇ ಮುಂದಿನದು, ಅದೂ ಚಿಕ್ಕದೇ. ಮೊಟ್ಟೆಯಿಂದ ಹೊರಬಂದ ಮರಿ ಮೊದಲ ಪೊರೆ ಬಿಡುವವರೆಗೆ ಸಾಮಾನ್ಯವಾಗಿ ತಿನ್ನುವುದೇ ಇಲ್ಲ, ಅದು ರೋಗವಲ್ಲ.

ಶಾಖ ಸರಿ, ಗಾತ್ರ ಸರಿ, ಆದರೂ ಮತ್ತೆ ಮತ್ತೆ ಕಕ್ಕುತ್ತಿದೆ, ನಡುಮೈ ದಪ್ಪಗಾಗಿದೆ ಎಂದರೆ ಥರ್ಮೋಸ್ಟಾಟ್ ತಿರುಗಿಸುತ್ತಾ ಕೂರಬೇಡಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು, ಸರೀಸೃಪ ಬಲ್ಲ ಪಶುವೈದ್ಯರಲ್ಲಿ ಪಿಸಿಆರ್ ಪರೀಕ್ಷೆ ಮಾಡಿಸಿ, ಬೇರೆ ಹಾವುಗಳಿಂದ ದೂರವಿಡಿ. ಬ್ಲೀಚ್ ಇದನ್ನು ಕೊಲ್ಲದು.

ಥರ್ಮೋಸ್ಟಾಟ್ ಒಳಗಿನ ಸ್ವಿಚ್ (ರಿಲೇ) ಹಳತಾದರೆ ಆನ್ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು. ಟಕ್ ಸದ್ದು ನಿಂತು ನೆಲ ಬಿಸಿಯೇರಿದರೆ ಪ್ಲಗ್ ಕಿತ್ತು ಹೊಸದು ತನ್ನಿ. 110 ವೋಲ್ಟಿನ ಮ್ಯಾಟನ್ನು ಊರಿಗೆ, ಅಂದರೆ ಭಾರತಕ್ಕೆ ಒಯ್ದು 230ಕ್ಕೆ ಚುಚ್ಚಿದರೆ ನಾಲ್ಕು ಪಟ್ಟು ಉರಿಯುತ್ತದೆ. ಅಲ್ಲಿ ಕೇರೆ ಹಾವಿನ ಮರಿ ಹಿಡಿದು ಸಾಕುವ ಯೋಚನೆಯಿದ್ದವರಿಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.